ಸೊರಗಿದ ಮಗುವಿಗೆ ಊಟ ಶುರು ಮಾಡುವುದು ಹೇಗೆ?

ಮಗು ತೀರಾ ಬಡಕಲಾಗಿದೆ ಅಂದ ಕೂಡಲೇ ಮನೆಯವರು ಲೋಟದ ತುಂಬ ಹಾಲು ಕೊಡುತ್ತಾರೆ, ಮೇಲೆ ಎರಡು ಚಮಚ ಸಕ್ಕರೆ. ಪ್ರೀತಿಯಿಂದಲೇ ಕೊಡುತ್ತಾರೆ. ಸಂಜೆ ಹೊತ್ತಿಗೆ ಹೊಟ್ಟೆ ಉಬ್ಬರ, ನೊರೆ ನೊರೆ ಭೇದಿ, ಹುಳಿ ವಾಸನೆ. ಕಕ್ಕ ಮಾಡುವ ಜಾಗ ಕೆಂಪಾಗಿ ಉರಿಯುತ್ತದೆ.

ಮಗು ಸೊರಗಿದರೆ ಅದರ ಕರುಳೂ ಸೊರಗುತ್ತದೆ. ಸಣ್ಣ ಕರುಳಿನ ಒಳಮೈ ಮಕಮಲ್ ಬಟ್ಟೆಯ ಹಾಗೆ, ತುಂಬ ಸಣ್ಣ ಎಳೆಗಳು. ಹಾಲಿನ ಸಕ್ಕರೆಯನ್ನು (ಇದೇ ಲ್ಯಾಕ್ಟೋಸ್) ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಇರುವುದು ಆ ಎಳೆಗಳ ತುದಿಯಲ್ಲಿ. ಎಳೆ ಸವೆದರೆ ಅದೂ ಕಡಿಮೆಯಾಗುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ನೀರು ಎಳೆದುಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸಿ ಗ್ಯಾಸ್ ಮಾಡುತ್ತವೆ. ಹಾಗಂತ ಎಲ್ಲ ಭೇದಿಗೂ ಹಾಲೇ ಕಾರಣ ಅಲ್ಲ, ಸೋಂಕಿನಿಂದಲೂ ಆಗುತ್ತದೆ.

ಮೊದಲು ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ನೋಡಿಸಿ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿಗೆ ಅದು 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಎರಡೂ ಪಾದದ ಮೇಲೆ ಹೆಬ್ಬೆರಳಿಂದ 3 ಸೆಕೆಂಡ್ ಒತ್ತಿ. ಗುಳಿ ಹಾಗೇ ಉಳಿದರೆ ಅದು ಬಾವು. ಎರಡರಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಿ. ಬಾವು, ಭೇದಿ, ಜ್ವರ, ಮಂಕು, ಊಟ ಬೇಡ ಅನ್ನುವುದು ಕಂಡರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ತೀರ್ಥಹಳ್ಳಿ, ಹೊಸನಗರದ ಒಳಹಳ್ಳಿಯಿಂದ ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗುವುದು ಎಷ್ಟು ಕಷ್ಟ ಅಂತ ಗೊತ್ತು. ಆದರೂ ಹೊರಡಿ. ಇಂಥ ಮಗುವಿಗೆ ಒಮ್ಮೆಲೇ ಜಾಸ್ತಿ ಉಣಿಸಿದರೆ ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೇ ಅಪಾಯ. ಓಆರ್‌ಎಸ್ ಕೂಡ ಎಷ್ಟು, ಹೇಗೆ ಅಂತ ವೈದ್ಯರೇ ಹೇಳಬೇಕು.

ಆಸ್ಪತ್ರೆಯಲ್ಲಿ ಎಫ್-75 ಎಂಬ ಆಹಾರದಿಂದ ಶುರು ಮಾಡುತ್ತಾರೆ. 100 ಮಿ.ಲೀ.ಗೆ 75 ಕ್ಯಾಲೊರಿ, ಲ್ಯಾಕ್ಟೋಸ್ ಕಡಿಮೆ. ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ. 'ಇಷ್ಟೇನಾ ಕೊಡೋದು?' ಅಂತ ಅಜ್ಜಿಗೆ ಬೇಜಾರಾಗಬಹುದು. ಕರುಳಿಗೆ ಸದ್ಯ ಅಷ್ಟೇ ತಾಳುತ್ತದೆ. ಎದೆಹಾಲು ಕುಡಿಯುವ ಮಗುವಿಗೆ ಅದನ್ನು ನಿಲ್ಲಿಸಬೇಡಿ.

ಮನೆಗೆ ಬಂದ ಮೇಲೆ, ವೈದ್ಯರು ಸರಿ ಅಂದರೆ, ಮೊಳಕೆ ರಾಗಿ ಹಿಟ್ಟು ತುಂಬ ಉಪಯೋಗಕ್ಕೆ ಬರುತ್ತದೆ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ. ಜಾಸ್ತಿ ಹುರಿಯಬೇಡಿ, ಮೊಳಕೆಯ ಗುಣ ಹೋಗುತ್ತದೆ. ಜಡಿಮಳೆಯಲ್ಲಿ ಬಿಸಿಲಿಲ್ಲ ಅಲ್ವಾ, ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ. ಮುಗ್ಗಲು ವಾಸನೆ ಬಂದರೆ ಅಷ್ಟನ್ನೂ ಚೆಲ್ಲಿ.

ಈಗ ಗಟ್ಟಿಯಾಗಿ ಬೇಯಿಸಿದ ರಾಗಿ ಮಣ್ಣಿ ಸ್ವಲ್ಪ ಆರಲಿ. ಬೆಚ್ಚಗಿರುವಾಗಲೇ ಒಂದು ಚಮಚ ಮೊಳಕೆ ಹಿಟ್ಟು ಹಾಕಿ ಕಲಕುತ್ತಿರಿ. ಸ್ವಲ್ಪ ಹೊತ್ತಲ್ಲೇ ಸೌಟಿಗೆ ಅಂಟಿಕೊಂಡಿದ್ದ ಮಣ್ಣಿ ಸಡಿಲವಾಗಿ ಇಳಿಯತೊಡಗುತ್ತದೆ. ಮೊಳಕೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಪಾತ್ರೆಯಲ್ಲೇ ಒಡೆದಿದೆ. ಮಗುವಿನ ಕರುಳಿಗೆ ಅಷ್ಟು ಕೆಲಸ ಕಡಿಮೆ. ನೀರು ಸೇರಿಸದೆ ತೆಳುವಾಯಿತು, ಹಾಗಾಗಿ ಸತ್ವವೂ ಉಳಿಯಿತು. ಇನ್ನೊಮ್ಮೆ ಕುದಿಸಿ, ಅರ್ಧ ಚಮಚ ತುಪ್ಪ ಹಾಕಿ, ಹೊಸದಾಗಿಯೇ ಉಣಿಸಿ.

ಕರುಳಿನ ಎಳೆಗಳು ಮತ್ತೆ ಬೆಳೆಯುತ್ತವೆ. ಹಸುವಿನ ಹಾಲಿಗೆ ಮರಳುವ ಮುಂಚೆ ಮೊಸರು ಕೊಟ್ಟು ನೋಡಬಹುದು, ಅದರಲ್ಲಿ ಲ್ಯಾಕ್ಟೋಸ್ ಸ್ವಲ್ಪ ಕಡಿಮೆ. ಎರಡು ಚಮಚದಿಂದ ಶುರು ಮಾಡಿ. ಮರುದಿನ ನೊರೆ ಭೇದಿ ಕಾಣದಿದ್ದರೆ ಇನ್ನೊಂದು ಚಮಚ ಸೇರಿಸಿ.