ಭಾನುವಾರ ಸಂಜೆ ಅರಮನೆ ಮುಂದೆ ಇರ್ಬೇಕು: ಫ್ರೆಂಡ್ಸ್ ಜೊತೆ ಮೂರು ದಿನದ ರೋಡ್ ಟ್ರಿಪ್ ಪ್ಲಾನ್ ಮಾಡೋದು ಹೇಗೆ

ಫ್ರೆಂಡ್ಸ್ ಜೊತೆ ಟ್ರಿಪ್ ಅಂದ್ರೆ ಗೊತ್ತಲ್ಲ, ಗ್ರೂಪಲ್ಲಿ ಹತ್ತು ಜನ ನಾನೂ ಬರ್ತೀನಿ ಅಂತಾರೆ, ಹೊರಡೋ ಹಿಂದಿನ ರಾತ್ರಿ ಎಣಿಸಿದ್ರೆ ನಾಲ್ಕೋ ಐದೋ ಉಳೀತಾರೆ. ಬೇಜಾರಾಗ್ಬೇಡಿ, ಕಾರಲ್ಲಿ ಹಿಡಿಯೋದೂ ಅಷ್ಟೇ ಜನ. ನಿಜವಾಗ್ಲೂ ತಲೆ ಕೆಡಿಸ್ಕೋಬೇಕಾದ್ದು ಯಾವ ಊರು ಯಾವ ದಿನ ಅನ್ನೋದಕ್ಕೆ. ಬೆಂಗಳೂರಿಂದ ಹೊರಟು ಶ್ರವಣಬೆಳಗೊಳ, ಹಳೇಬೀಡು, ಬೇಲೂರು, ಮೈಸೂರು, ಸೋಮನಾಥಪುರ, ಶ್ರೀರಂಗಪಟ್ಟಣ ನೋಡ್ಕೊಂಡು ವಾಪಸ್ ಬರೋ ಶನಿವಾರ-ಭಾನುವಾರ-ಸೋಮವಾರದ ಪ್ಲಾನ್ ಇದು.

ಮೊದಲು ಒಂದು ಮೊಳೆ ಹೊಡೀರಿ

ಆ ಮೊಳೆ ಭಾನುವಾರ ಸಂಜೆ 7 ಗಂಟೆ. ಮೈಸೂರು ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು ಹತ್ತೋದು ಭಾನುವಾರ ಮತ್ತೆ ಸರ್ಕಾರಿ ರಜೆ ದಿನ, ಬೇರೆಲ್ಲ ಊರನ್ನ ಅದಕ್ಕೆ ಹೊಂದಿಸ್ಕೋಬೇಕು. ಜಾಸ್ತಿ ಜನ ಮಾಡೋದು ಉಲ್ಟಾ. ನಾವೂ ಮೊದಲ್ನೇ ಸಲ ಶನಿವಾರವೇ ಮೈಸೂರು ಮುಗಿಸಿ, ಭಾನುವಾರ ಸಂಜೆ ಬೇಲೂರಿನ ರೂಮಲ್ಲಿ ಕೂತ್ಕೊಂಡು ಬೇರೆಯವ್ರ ಸ್ಟೇಟಸಲ್ಲಿ ಅರಮನೆ ನೋಡಿದ್ವಿ!

ಶುಕ್ರವಾರ ಸೇರಿಸ್ಕೊಂಡು ಹೋಗೋರು ಒಂದು ನೆನಪಿಟ್ಕೊಳ್ಳಿ, ಪುರಾತತ್ವ ಇಲಾಖೆ ಸ್ಮಾರಕಗಳ ಪಕ್ಕ ಇರೋ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರವೇ ರಜೆ.

ಶನಿವಾರ: ಬಂಡೆ ಕಾಯೋ ಮುಂಚೆ ಬೆಟ್ಟ

ಬೆಳಗ್ಗೆ 5ಕ್ಕೆ ಕಾರು ಹೊರಡ್ಲೇಬೇಕು, ಏಳೋದು ಲೇಟ್ ಮಾಡೋ ಫ್ರೆಂಡ್ ಯಾರು ಅಂತ ಎಲ್ಲರಿಗೂ ಗೊತ್ತಿರುತ್ತೆ, ಅವನನ್ನ ರಾತ್ರಿನೇ ನಿಮ್ಮನೇಲಿ ಮಲಗಿಸ್ಕೊಳ್ಳಿ. ಇಷ್ಟು ಹಠ ಯಾಕೆ ಅಂದ್ರೆ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿ ಹತ್ತೋದು ಬರಿಗಾಲಲ್ಲಿ. ಬಂಡೆಯಲ್ಲೇ ಕಡೆದಿರೋ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಬೆಳಗ್ಗೆ ತಣ್ಣಗಿರುತ್ತೆ, ಮಧ್ಯಾಹ್ನ ಅದೇ ಮೆಟ್ಟಿಲು ದೋಸೆ ಕಾವಲಿ. ಹಳೇ ಸಾಕ್ಸ್ ಒಂದು ಜೊತೆ ಬ್ಯಾಗಲ್ಲಿರ್ಲಿ, ಮುಂದೆ ಬೇಲೂರಿನ ಅಂಗಳದಲ್ಲೂ ಬೇಕಾಗುತ್ತೆ.

ಮೇಲೆ ಹೋದ್ಮೇಲೆ ಎಲ್ಲರೂ ತಲೆ ಎತ್ತಿ 58 ಅಡಿ ಗೊಮ್ಮಟನ ಮುಖ ನೋಡ್ತಾರೆ, ನೀವು ಪಾದದ ಹತ್ರ ಇರೋ ಶಾಸನಾನೂ ನೋಡಿ. ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ ಅಂತ ಹಳೇ ಅಕ್ಷರದಲ್ಲಿ ಬರೆದಿದೆ, ಮೂರ್ತಿ ಕ್ರಿ.ಶ. 981ರದ್ದು.

ಹಾಸನದಲ್ಲಿ ಊಟ ಮಾಡಿ ಹಳೇಬೀಡಿಗೆ ಬಂದ್ರೆ ಇಳಿಬಿಸಿಲು ಸಿಗುತ್ತೆ, ಕೆತ್ತನೆ ನೋಡೋಕೆ ಅದೇ ಬೆಳಕು ಬೇಕು, ನೆತ್ತಿ ಮೇಲೆ ಸೂರ್ಯ ಇದ್ದಾಗ ಗೋಡೆ ಚಪ್ಪಟೆ ಕಾಣುತ್ತೆ. ಹೊಯ್ಸಳೇಶ್ವರನ ಗೋಡೇನ ಕೆಳಗಿಂದ ಓದ್ಕೊಂಡು ಹೋಗಿ: ಆನೆ ಸಾಲು, ಆಮೇಲೆ ಸಿಂಹ, ಕುದುರೆ ಸವಾರರು, ಮೇಲೆ ರಾಮಾಯಣ ಮಹಾಭಾರತ. ಇಷ್ಟು ಸಣ್ಣ ಕೆಲಸ ಹೇಗೆ ಸಾಧ್ಯ ಆಯ್ತು ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಇದು ಬಳಪದ ಕಲ್ಲು, ಕ್ವಾರಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ಮೇಲೆ ಗಟ್ಟಿಯಾಗುತ್ತೆ, ಅದಕ್ಕೇ ಸರದ ಒಂದೊಂದು ಮಣೀನೂ ಬೇರೆ ಬೇರೆ ಬಿಡಿಸೋಕಾಯ್ತು. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರ್ ದಂಡೆತ್ತಿ ಬಂದ ಹೊಯ್ಸಳರ ರಾಜಧಾನಿ ಇದು, ಆಗ ದೋರಸಮುದ್ರ ಅಂತಿದ್ರು. ಟೈಮಿದ್ರೆ ಹತ್ರದಲ್ಲೇ ಇರೋ ಬಸದಿಹಳ್ಳಿಗೂ ಹೋಗಿ, ಅಲ್ಲಿನ ಪಾರ್ಶ್ವನಾಥ ಬಸದಿ ಕಂಬಗಳಲ್ಲಿ ನಿಮ್ಮ ಮುಖ ಕಾಣುತ್ತೆ, ಅಷ್ಟು ನುಣುಪು. ಜನಾನೂ ಇರಲ್ಲ.

ಭಾನುವಾರ: ಬೇಲೂರು, ಆಮೇಲೆ ಓಟ

ಹಳೇಬೀಡಿಂದ ಬೇಲೂರು 16 ಕಿ.ಮೀ. ಅಷ್ಟೇ, ರಾತ್ರಿ ಅಲ್ಲೇ ಉಳ್ಕೊಂಡ್ರೆ ಬೆಳಗ್ಗೆ ಬಸ್ಸುಗಳು ಬರೋ ಮುಂಚೆ ಚೆನ್ನಕೇಶವನ ಅಂಗಳ ನಿಮ್ಮದೇ. 1117ರಲ್ಲಿ ಹೊಯ್ಸಳ ರಾಜ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು, ಇವತ್ತಿಗೂ ಪೂಜೆ ನಡೀತಿದೆ, ಅಂದ್ರೆ ಇದು ಬರೀ ನೋಡೋ ಜಾಗ ಅಲ್ಲ, ಡ್ರೆಸ್ಸು, ದನಿ ಎರಡೂ ಸ್ವಲ್ಪ ನೋಡ್ಕೊಳ್ಳಿ.

ಇಲ್ಲಿ ಗೈಡ್ ತಗೊಳ್ಳಿ ಅನ್ನೋದು ನನ್ನ ಖಡಾಖಂಡಿತ ಸಲಹೆ. ದುಡ್ಡು ಐದು ಜನಕ್ಕೆ ಹಂಚಿದ್ರೆ ಏನೂ ಅಲ್ಲ. ಮದನಿಕೆಯರು, ಅಂದ್ರೆ ಸುಂದರಿಯರ ಶಿಲ್ಪಗಳು, ಸೂರಿನ ಕೆಳಗೆ ಎತ್ತರದಲ್ಲಿದಾರೆ, ಯಾರಾದ್ರೂ ಕೈ ತೋರಿಸದಿದ್ರೆ ದರ್ಪಣ ಸುಂದರಿ ಒಬ್ಬಳನ್ನ ನೋಡಿ ಉಳಿದವರನ್ನ ಬಿಟ್ಟು ಬರ್ತೀರ. ಗೈಡ್‌ಗೆ ಶಿಲ್ಪಿಗಳ ಹೆಸರು ತೋರಿಸಿ ಅಂತ ಕೇಳಿ, ಬಳ್ಳಿಗಾವೆಯ ದಾಸೋಜನಂಥವರು ತಮ್ಮ ಸಹಿ ಬಿಟ್ಟು ಹೋಗಿದಾರೆ, ಒಂಬೈನೂರು ವರ್ಷದ ಹಿಂದೆ ಕನ್ನಡದಲ್ಲಿ ಹಾಕಿದ ಸಹಿ! ಒಳಗೆ ಕತ್ತಲು, ಕಂಬಗಳು ಕಣ್ಣಿಗೆ ಬೀಳೋಕೆ ಒಂದೆರಡು ನಿಮಿಷ ಸುಮ್ನೆ ನಿಲ್ಲಬೇಕು. ರೀಲ್ಸ್ ಮಾಡೋ ಫ್ರೆಂಡ್‌ಗೆ ಹೊರಗಡೆ ಅರ್ಧ ಗಂಟೆ ಕೊಟ್ಬಿಡಿ, ಇಲ್ಲಾಂದ್ರೆ ದಿನ ಪೂರ್ತಿ ಅದೇ ಜಗಳ.

11ರ ಒಳಗೆ ಹೊರಡಿ. ಮೈಸೂರಲ್ಲಿ ರೂಮಿಗೆ ಹೋಗಿ ಒಂದು ನಿದ್ದೆ ಹೊಡೆದು, ಆರೂವರೆಗೆಲ್ಲ ಅರಮನೆ ಮುಂದೆ ಜಾಗ ಹಿಡ್ಕೊಳ್ಳಿ. ಬಲ್ಬೆಲ್ಲ ಒಟ್ಟಿಗೆ ಹತ್ತೋ ಕ್ಷಣ ಒಂದೇ, ಆ ಟೈಮಲ್ಲಿ ಫೋನ್ ಲಾಕ್ ತೆಗೀತಾ ಕೂರ್ಬೇಡಿ.

ಸೋಮವಾರ: ಎರಡು ಅರಮನೆ, ಮಧ್ಯೆ ಒಂದು ಗುಡಿ

ಅರಮನೆ ಬಾಗಿಲು 10ಕ್ಕೆ ತೆಗೆಯುತ್ತೆ. ಹಳೇ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲಿ ಬೆಂಕಿಗೆ ಹೋಯ್ತು, ಈಗಿರೋದು ಹೆನ್ರಿ ಇರ್ವಿನ್ ವಿನ್ಯಾಸ, 1912ಕ್ಕೆ ಮುಗೀತು. ಕಲ್ಯಾಣ ಮಂಟಪದಲ್ಲಿ ಜನ ತಳ್ಳಿದ್ರೂ ಪಕ್ಕಕ್ಕೆ ನಿಂತು ಮೇಲಿನ ನವಿಲು ಗಾಜು ನೋಡಿ.

ಮೈಸೂರಲ್ಲೇ ಹೊಟ್ಟೆ ತುಂಬಿಸ್ಕೊಂಡು ಸೋಮನಾಥಪುರ, ಸುಮಾರು 35 ಕಿ.ಮೀ. ಬೇಲೂರಲ್ಲಿ ಕತ್ತು ನೋಯಿಸ್ಕೊಂಡೋರಿಗೆ ಇಲ್ಲಿ ಆರಾಮ, ಗುಡಿ ಸಣ್ಣದು, ಕೆತ್ತನೆ ಕಣ್ಣಳತೆಗೇ ಸಿಗುತ್ತೆ. ಪೂಜೆ ನಡೆಯಲ್ಲ. ಗುಡಿ ನಿಂತಿರೋ ನಕ್ಷತ್ರದಾಕಾರದ ಕಟ್ಟೆ (ಜಗತಿ) ಮೇಲೆ ಒಂದು ಸುತ್ತು ಹಾಕಿ, ವಿಗ್ರಹಗಳ ಕೆಳಗೆ ಮಲ್ಲಿತಮ್ಮ ಅನ್ನೋ ಹೆಸರು ಯಾರು ಮೊದಲು ಹುಡುಕ್ತಾರೋ ಅವ್ರಿಗೆ ಸಂಜೆ ಕಾಫಿ ಫ್ರೀ ಅಂತ ಪಂದ್ಯ ಕಟ್ಟಿ, ನಮ್ಮ ಗ್ಯಾಂಗಲ್ಲಿ ಗೆದ್ದಿದ್ದು ಇತಿಹಾಸ ಅಂದ್ರೆ ಆಕಳಿಸೋ ಹುಡುಗ.

ಬನ್ನೂರು ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಬಂದು ದರಿಯಾ ದೌಲತ್, 4 ಗಂಟೆ ಒಳಗೆ ಮುಟ್ಟಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ, ಹೊರಗಡೆಯಿಂದ ಹಸಿರು ಪರದೆ ಇಳಿಬಿಟ್ಟ ಮನೆ ಥರ ಕಾಣುತ್ತೆ. ಆ ಪರದೆ ಇರೋದೇ ಗೋಡೆ ಚಿತ್ರಗಳನ್ನ ಬಿಸಿಲಿಂದ ಕಾಪಾಡೋಕೆ. ಪಶ್ಚಿಮದ ಗೋಡೇಲಿ 1780ರ ಪೊಳ್ಳಿಲೂರು ಯುದ್ಧ ಇದೆ, ಸೋತ ಬ್ರಿಟಿಷ್ ಅಧಿಕಾರಿ ಪಲ್ಲಕ್ಕಿಯೊಳಗೆ ಕೂತಿರೋದನ್ನ ಹುಡುಕಿ.

ರಸ್ತೆ, ದುಡ್ಡು

ಬೈಕಲ್ಲಿ ಹೋಗೋ ಗ್ಯಾಂಗ್ ಆದ್ರೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ನಿಮಗೆ ಪ್ರವೇಶ ಇಲ್ಲ, ಆಗಸ್ಟ್ 2023ರಿಂದ ಟೂ ವೀಲರ್ ನಿಷೇಧ, ಸರ್ವಿಸ್ ರಸ್ತೆನೇ ಗತಿ. ಕಾರಿನೋರಿಗೆ 100ರ ಮಿತಿ, ಕ್ಯಾಮೆರಾ ಇದೆ. ಇನ್ನೊಂದು ನಷ್ಟ, ಈ ಎಕ್ಸ್‌ಪ್ರೆಸ್‌ವೇ ಮದ್ದೂರಿನ ಹೊರಗಿಂದ ಹೋಗ್ಬಿಡುತ್ತೆ, ವಡೆ ಬೇಕು ಅಂದ್ರೆ ಬೇಕಂತಲೇ ಕೆಳಗಿಳೀಬೇಕು. ಇಳೀರಿ.

ಖರ್ಚಿಗೆ ಹೊರಡೋ ಮುಂಚೆನೇ ಎಲ್ಲರೂ ಒಬ್ಬರ ಅಕೌಂಟಿಗೆ ಸಮ ದುಡ್ಡು ಹಾಕ್ಬಿಡಿ, ಡೀಸೆಲ್, ಟೋಲ್, ಟಿಕೆಟ್, ರೂಮು ಎಲ್ಲ ಅದರಿಂದಲೇ ಹೋಗ್ಲಿ, ಮುಗಿದ್ರೆ ಮತ್ತೆ ಸಮ ಹಾಕಿ. ಉಳಿದದ್ದರ ಲೆಕ್ಕ ಮದ್ದೂರಲ್ಲಿ ವಡೆ ತಿಂತಾನೇ ಚುಕ್ತಾ ಮಾಡ್ಕೊಳ್ಳಿ, ಕೆಂಗೇರಿ ದಾಟಿದ್ಮೇಲೆ ಯಾರೂ ಫೋನ್ ಎತ್ತಲ್ಲ.