ಏರ್ ಫಿಲ್ಟರ್ ತುಂಬ ಹುರುಳಿ ಹೊಟ್ಟು

ನಾನು ಇರೋದು ಗದಗದಲ್ಲಿ, ಹೊಲ ಡಂಬಳದ ಕಡೆ. ಕೊನೆಯ ಎರಡು ಕಿಲೋಮೀಟರ್ ಎರಿ ಮಣ್ಣಿನ ಚಕ್ಕಡಿ ದಾರಿ. ಸುಗ್ಗಿ ಬಂತಂದ್ರೆ ಡಾಂಬರು ರಸ್ತೆಯೇ ಕಣ. ಹುರುಳಿ ಹಾಸಿರುತ್ತಾರೆ, ಅದರ ಮೇಲೇ ಹಾಯಬೇಕು.

ಅಂಥದ್ದೇ ಒಂದು ಸುಗ್ಗಿ ಮುಗಿದ ಮೇಲೆ ಕಾರಿನ ಪಿಕಪ್ ಸತ್ತುಹೋಯಿತು. ಮೈಲೇಜ್ ಅಷ್ಟೇನೂ ಇಳಿದಿರಲಿಲ್ಲ. ಲಾರಿ ದಾಟಿಸಲು ಕಾಲು ಒತ್ತಿದರೆ ಮಾತ್ರ ಗಾಡಿ ಏದುಸಿರು ಬಿಡುತ್ತಿತ್ತು. ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಬಿಚ್ಚಿದೆ. ಕಾಗದದ ಮಡಿಕೆಗಳ ತುಂಬ ಕಪ್ಪು ಹುಡಿ, ನಡುನಡುವೆ ಹುರುಳಿ ಹೊಟ್ಟು, ಒಂದು ಸತ್ತ ಜೇನುಹುಳ. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಅಷ್ಟೂ ಗಾಳಿ ಇದರೊಳಗಿಂದಲೇ ನುಸುಳಬೇಕಲ್ವಾ!

ಆಗ ಮಾಡಿದ ತಪ್ಪು ಹೇಳಿಬಿಡುತ್ತೇನೆ. ಹೊಸದಕ್ಕೆ ಯಾಕೆ ಸುಮ್ನೆ ದುಡ್ಡು ಅಂತ ಪಂಕ್ಚರ್ ಅಂಗಡಿಗೆ ಒಯ್ದು, ಧೂಳು ಕೂತ ಕಡೆಯಿಂದಲೇ ಜೋರಾಗಿ ಗಾಳಿ ಹೊಡೆಸಿದೆ. ಫಿಲ್ಟರ್ ಬೆಳ್ಳಗೇನೋ ಆಯಿತು. ತಿಂಗಳ ನಂತರ ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿದರೆ ಬೂದು ಬಣ್ಣದ ನುಣುಪು ಹುಡಿ ಹತ್ತಿತು. ಎದೆ ಧಸಕ್ಕೆಂದಿತು. ಆ ಹುಡಿ ಸಿಲಿಂಡರಿಗೆ ಹೋದರೆ ಉಜ್ಜುಕಾಗದ ಇದ್ದಂತೆ. ಫಿಲ್ಟರಿನ ಹಿಂದೆ ಟಾರ್ಚ್ ಹಿಡಿದಾಗ ಒಂದು ಮಡಿಕೆಯಲ್ಲಿ ಬೆಳಕಿನ ಗೆರೆ ಕಾಣಿಸಿತು. ಗಾಳಿಯ ರಭಸಕ್ಕೆ ಕಾಗದ ಸೀಳಿತ್ತು.

ಆಮೇಲಿಂದ ಗಾಳಿ ಹೊಡೆಸುವುದೇ ಬಿಟ್ಟೆ. ಫಿಲ್ಟರನ್ನು ಮೆಲ್ಲಗೆ ತಟ್ಟಿ ಹೊಟ್ಟು ಉದುರಿಸುತ್ತೇನೆ, ಅಷ್ಟೇ. ಗಾಳಿ ಬೇಕೇ ಬೇಕಂದ್ರೆ ಸ್ವಚ್ಛ ಇರುವ ಕಡೆಯಿಂದ, ದೂರ ಹಿಡಿದು, ಮೆತ್ತಗೆ. ಕಾಗದದ ಫಿಲ್ಟರಿಗೆ ನೀರಂತೂ ತಾಕಿಸಬಾರದು. ನನ್ನ ಗಾಡಿಯ ಪುಸ್ತಕದಲ್ಲಿ 40,000 ಕಿಲೋಮೀಟರಿಗೆ ಬದಲಿಸಿ ಅಂತಿದೆ, ಧೂಳಿನ ದಾರಿಯಾದರೆ ಬೇಗ ಅಂತಲೂ ಇದೆ. ನಾನು 15,000ಕ್ಕೇ ಬದಲಿಸುತ್ತೇನೆ.

ಬದಲಿಸುವುದು ಹತ್ತು ನಿಮಿಷದ ಕೆಲಸ. ಜಾಸ್ತಿ ಹೊತ್ತು ಹಿಡಿಯುವುದು ಡಬ್ಬಿ ಒರೆಸಲು. ಒದ್ದೆ ಬಟ್ಟೆಯಲ್ಲಿ ಮೂಲೆಮೂಲೆ ಒರೆಸಿ, ಒಣಗಿದ ಮೇಲೇ ಹೊಸದು ಇಡುತ್ತೇನೆ. ಸುತ್ತಲಿನ ರಬ್ಬರ್ ಅಂಚು ಡಬ್ಬಿಯಲ್ಲಿ ಸರಿಯಾಗಿ ಕೂರಬೇಕು. ಒಂದು ಕಡೆ ಮಡಚಿಕೊಂಡರೂ ಧೂಳಿಗೆ ಅದೇ ಬಾಗಿಲು. ಕ್ಲಿಪ್ ಹಾಕುವಾಗ ಬಲ ಬೇಕಾಯಿತೋ, ಎಲ್ಲೋ ಅಂಚು ಸಿಕ್ಕಿಬಿದ್ದಿದೆ ಅಂತಲೇ ಅರ್ಥ. ಬಿಚ್ಚಿ ಮತ್ತೆ ಕೂರಿಸಬೇಕು.

ಬದಲಿಸಿದ ದಿನದ ಕಿಲೋಮೀಟರ್ ಲೆಕ್ಕವನ್ನು ಫಿಲ್ಟರಿನ ಅಂಚಿಗೇ ಮಾರ್ಕರಿನಲ್ಲಿ ಬರೆದಿಡುತ್ತೇನೆ. ಈಗಿನದರ ಮೇಲೆ 61,240 ಅಂತಿದೆ. ಈ ಸಲದ ಒಕ್ಕಣೆ ಮುಗಿಯಲಿ, ಮತ್ತೆ ಟಾರ್ಚ್ ಹಿಡಿದು ನೋಡಬೇಕು.