ದುರ್ಯೋಧನ ಇಎಸ್‌ಟಿಜೆ ಅಲ್ಲ: ಪಾತ್ರಕ್ಕೆ ದುಡ್ಡು ಕಟ್ಟಿ ಕಂಡುಕೊಂಡಿದ್ದು

ದುರ್ಯೋಧನ ಇಎಸ್‌ಎಫ್‌ಪಿ ಅಂದಾಗ ಜನರ ಸ್ವಭಾವವನ್ನು ಎಂಬಿಟಿಐನ ಹದಿನಾರು ಟೈಪ್‌ಗಳಲ್ಲಿ ಒಂದಕ್ಕೆ ಹೊಂದಿಸಿ ನೋಡುವ ನಮ್ಮ ಗೆಳೆಯರೆಲ್ಲ ನಕ್ಕಿದ್ದರು. ಮದುವೆ ಮನೇಲಿ ಡಾನ್ಸ್ ಮಾಡುವವರ ಟೈಪ್ ಅದು, 11 ಅಕ್ಷೋಹಿಣಿಯ ಒಡೆಯನಿಗೆ ಅದನ್ನು ಅಂಟಿಸ್ತೀಯಾ ಅಂದರು. ಅವರ ಲೆಕ್ಕದಲ್ಲಿ ಅವನು ಇಎಸ್‌ಟಿಜೆ, ತಪ್ಪಿದರೆ ಇಎನ್‌ಟಿಜೆ. ಆಮೇಲೆ ಪಾಂಡವಪುರದ ಹತ್ತಿರ ನಮ್ಮೂರ ಹಬ್ಬದಲ್ಲಿ ಆ ಪಾತ್ರ ನಾನೇ ಕಟ್ಟಿದೆ. ಈಗ ಯಾರೂ ನಗುತ್ತಿಲ್ಲ. ಹೊಸಬರಿಗೆ ಎರಡೇ ಮಾತು: ಫಂಕ್ಷನ್ ಅಂದರೆ ಮನಸ್ಸು ಕೆಲಸ ಮಾಡುವ ಎಂಟು ರೀತಿಗಳಲ್ಲಿ ಒಂದು, ಸ್ಟ್ಯಾಕ್ ಅಂದರೆ ಒಂದು ಟೈಪ್‌ನಲ್ಲಿ ಮುಖ್ಯವಾದ ನಾಲ್ಕು ಫಂಕ್ಷನ್‌ಗಳ ಕ್ರಮ. ಅದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ.

ಮೊದಲು ದುಡ್ಡಿನ ವಿಷಯ. ಕುರುಕ್ಷೇತ್ರ ನಾಟಕದಲ್ಲಿ ಪಾತ್ರ ಮಾಡುವವನೇ ದುಡ್ಡು ಕಟ್ಟಬೇಕು ಅಂತ ಮಂಡ್ಯ ಕಡೆಯವರಿಗೆ ಹೇಳಬೇಕಿಲ್ಲ. ಕೃಷ್ಣ, ದುರ್ಯೋಧನ, ಭೀಮನಿಗೆ ರೇಟು ಜಾಸ್ತಿ. ನನಗೆ ಸುಮಾರು 45 ಸಾವಿರ ಬಿತ್ತು. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರ ಖರ್ಚು ಎಲ್ಲ ಅದರಲ್ಲೇ. ಫ್ಲೆಕ್ಸು, ನೆಂಟರಿಗೆ ಬಾಡೂಟ ಬೇರೆ, ಅದೊಂದು 20 ಸಾವಿರ ಇರಬೇಕು. ಇಷ್ಟು ಕಳೆದ ಮೇಲೆ ಸುಮ್ನೆ ಮೀಸೆ ತಿರುವಿ, ಗದೆ ಬೀಸಿ, ಗರ್ಜಿಸಿ ಇಳಿದುಬರೋಕೆ ಮನಸ್ಸು ಒಪ್ಪಲಿಲ್ಲ. ಒಳಗೆ ಇವನು ಯಾರು ಅಂತ ಗೊತ್ತಾಗಲೇಬೇಕಿತ್ತು.

ಶುರುವಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಆನ್‌ಲೈನ್ ಪ್ರಶ್ನೆಪತ್ರಿಕೆಗೆ ದುರ್ಯೋಧನನಾಗಿ ಉತ್ತರ ತುಂಬಿದೆ. ಒಂದು ದಿನ ಇಎಸ್‌ಟಿಜೆ, ಇನ್ನೊಂದು ದಿನ ಇಎನ್‌ಟಿಜೆ, ಹೊಟ್ಟೆ ಹಸಿದಿದ್ದ ದಿನ ಐಎಸ್‌ಟಿಪಿ! ಆಮೇಲೆ ನಾಲ್ಕು ಸಾವಿರ ಕೊಟ್ಟು ಒಂದು ಕೋರ್ಸ್ ಸೇರಿದೆ. ಅಲ್ಲಿ ಹೇಳಿಕೊಟ್ಟದ್ದು ಪಾತ್ರದ ಕೆಲಸಗಳ ಪಟ್ಟಿ ಮಾಡಿ ಪ್ರತಿಯೊಂದಕ್ಕೂ ಒಂದು ಫಂಕ್ಷನ್ ಬರೆಯೋದು. ಆಜ್ಞೆ ಮಾಡಿದನಾ, ಟಿಇ (ಹೊರಗಿನ ಕೆಲಸ, ಲೆಕ್ಕ ನೋಡುವ ಬುದ್ಧಿ). ಹಠ ಹಿಡಿದನಾ, ಎಫ್‌ಐ (ತನ್ನೊಳಗಿನ ಭಾವ, ಮೌಲ್ಯಕ್ಕೆ ಅಂಟಿಕೊಳ್ಳೋದು). ನೋಟ್‌ಬುಕ್ ತುಂಬಿತು, ಎಂಟೂ ಫಂಕ್ಷನ್ ಬಂದವು. ರಾಜನಾದವನು ಆಜ್ಞೆ ಮಾಡದೆ ಇನ್ನೇನು ಮಾಡುತ್ತಾನೆ? ಅದು ಕುರ್ಚಿಯ ಗುಣ, ಕೂತವನದ್ದಲ್ಲ. ಆ ನಾಲ್ಕು ಸಾವಿರ ಹೋಯಿತು.

ಇನ್ನೊಂದು ತೊಡಕೂ ಇತ್ತು. ಚರ್ಚೆಗೆ ಕೂತರೆ ಒಬ್ಬ ವ್ಯಾಸರ ದುರ್ಯೋಧನನನ್ನು ಹಿಡಿಯುತ್ತಾನೆ, ಇನ್ನೊಬ್ಬ ಪಂಪನವನನ್ನು, ಮತ್ತೊಬ್ಬ ಟಿವಿ ಸೀರಿಯಲ್‌ನವನನ್ನು. ಇವರೆಲ್ಲ ಬೇರೆ ಬೇರೆ ಮನುಷ್ಯರು. ನಾನು ರನ್ನನ ಗದಾಯುದ್ಧ ಒಂದನ್ನೇ ಇಟ್ಟುಕೊಂಡೆ. ಅದರ ಇನ್ನೊಂದು ಹೆಸರು ಸಾಹಸಭೀಮವಿಜಯ, ಅಂದರೆ ನಾಯಕ ಭೀಮ. ಆದರೂ ಓದಿ ಮುಗಿಸಿದಾಗ ಮನಸ್ಸಲ್ಲಿ ಉಳಿಯೋನು ದುರ್ಯೋಧನನೇ.

ಕೊನೆಗೆ ಕೆಲಸಕ್ಕೆ ಬಂದ ದಾರಿ ಇದು. ಅವನು ಗೆದ್ದಾಗ ಆಡುವ ಮಾತನ್ನೆಲ್ಲ ಪಕ್ಕಕ್ಕಿಟ್ಟೆ. ಸೋತು, ಯಾರನ್ನೂ ಮೆಚ್ಚಿಸಬೇಕಿಲ್ಲದಿದ್ದಾಗ ಏನು ಹೇಳುತ್ತಾನೆ, ಅದು ಮಾತ್ರ ಸಾಕ್ಷಿ. ಗದಾಯುದ್ಧದಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾನಲ್ಲ, ಅಲ್ಲಿ. ವೈರಿಯ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಶೌರ್ಯ ಹೊಗಳಿ, ನನಗೂ ಇಂಥ ಸಾವು ಬರಲಿ ಅನ್ನುತ್ತಾನೆ. ಅದರಿಂದ ಅವನಿಗೆ ಮೂರು ಕಾಸಿನ ಲಾಭ ಇಲ್ಲ. ಸಂಧಿಯ ಮಾತು ಬಂದಾಗ, ನಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ ಅನ್ನುತ್ತಾನೆ. ಕರ್ಣ, ತಮ್ಮಂದಿರು ಸತ್ತ ಮೇಲೆ ಈ ನೆಲ ಅವನಿಗೆ ಪಾಳು. ಟಿಇ ಮುಂದಿರುವವನು ಈ ಹೊತ್ತಿಗೆ ಏನು ಉಳಿದಿದೆ ಅಂತ ಎಣಿಸುತ್ತಾನೆ. ಇವನು ಎಣಿಸುವುದೇ ಇಲ್ಲ. ಇದು ಎಫ್‌ಐ ಅಲ್ಲದೆ ಇನ್ನೇನು?

ಇನ್ನು ಕೊಳ. ಬಂದ ಅಪಾಯ ದಾಟುವವರೆಗೆ ವೈಶಂಪಾಯನ ಸರೋವರದಲ್ಲಿ ಅಡಗಿರು ಅಂತ ಭೀಷ್ಮರು ಹೇಳಿ ಕಳಿಸಿದ್ದಾರೆ. ಎಸ್‌ಐ, ಅಂದರೆ ಹಿಂದಿನ ಅನುಭವ, ರೂಢಿಯನ್ನು ನೆಚ್ಚುವ ಫಂಕ್ಷನ್ ಇರುವವನು ಹಿರಿಯರು ಹೇಳಿದಷ್ಟು ಹೊತ್ತು ಕೂತಿರುತ್ತಾನೆ. ಇವನು ಭೀಮನ ಒಂದು ಕೂಗಿಗೆ ನೀರೊಳಗಿದ್ದೂ ಬೆವತು ಎದ್ದು ಬರುತ್ತಾನೆ. ಈ ಕ್ಷಣ ಕಣ್ಣಿಗೆ, ಕಿವಿಗೆ ಬಿದ್ದದ್ದಕ್ಕೆ ಓಗೊಡುವ ಎಸ್‌ಇ! ಸಂಜಯ ಹೇಳಿ, ಅಪ್ಪ ಅಮ್ಮ ಹೇಳಿ, ಭೀಷ್ಮರು ಹೇಳಿ, ಮುಂದೇನಾಗುತ್ತೆ ಅನ್ನೋದು ತಲೆಗೆ ಹೋಗುವುದಿಲ್ಲ. ಮುಂದಿನದನ್ನು ಕಾಣಬೇಕಾದ ಎನ್‌ಐ ಸ್ಟ್ಯಾಕ್‌ನ ಕೊನೆಯಲ್ಲಿ ಬಿದ್ದಿದೆ. ಮಧ್ಯದ ಟಿಇ ಸೈನ್ಯ ಕಟ್ಟಿಸಿತು, ಅಷ್ಟೇ ಅದರ ಪಾಲು. ಎಸ್‌ಇ, ಎಫ್‌ಐ, ಟಿಇ, ಎನ್‌ಐ: ಇದೇ ಇಎಸ್‌ಎಫ್‌ಪಿಯ ಸ್ಟ್ಯಾಕ್.

ಗೆಳೆಯರು ಒಪ್ಪಲಿಲ್ಲ. ಕರ್ಣ ಯಾರ ಮಗ ಅಂತ ರನ್ನನ ದುರ್ಯೋಧನನಿಗೆ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಇದು ಪಕ್ಕಾ ಲೆಕ್ಕಾಚಾರ ಅಂತ ಒಬ್ಬ ಜೋರಾಗಿ ವಾದಿಸಿದ. ಗಟ್ಟಿ ಮಾತೇ. ಆದರೆ ಆ ಗುಟ್ಟನ್ನು ಅವನು ಹೇಳುವುದು ಕರ್ಣನ ಹೆಣದ ಮುಂದೆ. ಲೆಕ್ಕ ಹಾಕುವವನು ಅಲ್ಲಿ ಹೇಳುವುದಿಲ್ಲ.

ಬಾಯಿ ಮಾತಿಗೆ ಬಗ್ಗುವ ಜನ ಅಲ್ಲ ಅಂತ ಒಂದು ಆಟ ಹೂಡಿದೆ. ಅವನ ಮಾತುಗಳನ್ನೆಲ್ಲ ಇವತ್ತಿನ ಮಾತಿಗೆ ಇಳಿಸಿ, ಹೆಸರು ತೆಗೆದು, ವಿ.ಸಿ. ನಾಲೆ ಬದಿಯ ಗದ್ದೆಗಾಗಿ ನಡೆಯುವ ದಾಯಾದಿ ಜಗಳ ಮಾಡಿದೆ. ಸೂಜಿಮೊನೆಯಷ್ಟು ನೆಲ ಹೋಗಿ ಬದುವಿನ ಅರ್ಧ ಅಡಿ ಆಯಿತು. ಅಂಗರಾಜ ಹೋಗಿ ಟ್ರಾಕ್ಟರ್ ಡ್ರೈವರ್ ಆದ. ಟೀ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಓದಿಸಿದೆ. ಇಎಸ್‌ಟಿಜೆ ಅಂತ ಮೇಜು ಕುಟ್ಟಿದವನೇ, ಇವನಿಗೆ ಗದ್ದೆ ಬೇಡ ಕಣೋ, ಸ್ನೇಹಿತನ ವಿಷಯದಲ್ಲಿ ಎಲ್ಲೋ ನೊಂದಿದ್ದಾನೆ, ಎಸ್‌ಇ-ಎಫ್‌ಐ ಇರಬೇಕು ಅಂದ. ಒಬ್ಬ ಮಾತ್ರ ಇಎಸ್‌ಟಿಪಿ ಅಂದ. ಮೂರು ಬಂತು, ಸಾಕು. ಯಾವ ಮಾತು ಇಟ್ಟೆ, ಯಾವುದು ಬಿಟ್ಟೆ, ಯಾವ ಕ್ರಮದಲ್ಲಿ ಜೋಡಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಎಫ್‌ಐಯನ್ನು ಎಫ್‌ಇಯಿಂದ (ಸುತ್ತಲಿನವರ ಭಾವನೆಗೆ ಹೊಂದಿಕೊಳ್ಳೋದು) ಬೇರ್ಪಡಿಸುವ ಕೈಚಳಕ ಇರುವುದೇ ಅಲ್ಲಿ.

ಅದೇ ಗುಂಗಿನಲ್ಲಿ ಶಕುನಿಯನ್ನೂ ನೋಡಿದೆ, ಅರ್ಧ ಗಂಟೆಗೆ ಇಎನ್‌ಟಿಪಿ ಅನ್ನಿಸಿತು. ಕೃಷ್ಣ ಕೈಗೇ ಸಿಗಲಿಲ್ಲ. ಎದುರಿಗೆ ಯಾರಿದ್ದಾರೋ ಅವರಿಗೆ ತಕ್ಕ ಹಾಗೆ ಆಡುತ್ತಾನೆ. ದೇವರನ್ನು ಟೈಪ್ ಮಾಡಬಾರದು ಅನ್ನೋ ತೀರ್ಮಾನಕ್ಕೆ ಬಂದೆ. ಈ ಟೈಪ್‌ಗಳ ಬಗ್ಗೆ ಮನಃಶಾಸ್ತ್ರಜ್ಞ ಯುಂಗ್ 1921ರಲ್ಲಿ ಬರೆದಾಗ ಹೇಳಿದ್ದು ಎಂಟೇ ಟೈಪ್, ಹದಿನಾರು ಮಾಡಿದ್ದು ಬ್ರಿಗ್ಸ್ ಮತ್ತು ಮೈಯರ್ಸ್, ತಾಯಿ ಮಗಳು. ಕೃಷ್ಣನಿಗೆ ಹದಿನಾರೂ ಸಾಲದು. ನಮ್ಮ ಹಾರ್ಮೋನಿಯಂ ಮೇಷ್ಟ್ರು ಮಾತ್ರ ಐಎಸ್‌ಟಿಜೆ, ಅದರಲ್ಲಿ ಅನುಮಾನವೇ ಇಲ್ಲ.

ಅವರನ್ನು ಒಪ್ಪಿಸುವುದೇ ಕಷ್ಟವಾಯಿತು. ಸಂಧಾನದ ಸೀನ್‌ನಲ್ಲಿ ಎಲ್ಲ ದುರ್ಯೋಧನರೂ ಕೃಷ್ಣನ ಮೇಲೆ ಗುಡುಗುತ್ತಾರೆ. ನಾನು ಮೊದಲು ಕರ್ಣನ ಮುಖ ನೋಡಿ, ಆಮೇಲೆ ತಗ್ಗಿದ ದನಿಯಲ್ಲಿ ಕೊಡಲ್ಲ ಅಂದೆ. ಮೇಷ್ಟ್ರು ಬಾರಿಸೋದು ನಿಲ್ಲಿಸಿದರು.

"ಏನಪ್ಪಾ, ಜ್ವರ ಬಂದೋನಂಗೆ ಮಾತಾಡ್ತೀಯ? ದುಡ್ ಕಟ್ಟಿರೋದು ದುರ್ಯೋಧನಂಗೋ ವಿದುರಂಗೋ?"

"ಮೇಷ್ಟ್ರೇ, ಒಂದ್ ಸಲ ನಂಬಿ."

ನಂಬಲಿಲ್ಲ, ಆದರೆ ಬಿಟ್ಟರು. ನಾಟಕದ ರಾತ್ರಿ ನನ್ನ ಪ್ರವೇಶಕ್ಕೆ ಭೀಮನಿಗೆ ಬಿದ್ದಷ್ಟು ಶಿಳ್ಳೆ ಬೀಳಲಿಲ್ಲ. ಸಂಧಾನದಲ್ಲಿ ಜನ ಸುಮ್ಮನಾದರು, ಮೇಷ್ಟ್ರು ಸೈಡ್‌ವಿಂಗ್ ಕಡೆ ತಿರುಗಿ ತಲೆ ಅಲ್ಲಾಡಿಸುತ್ತಿದ್ದರು. ಬೆಳಗಿನ ಜಾವ ಕರ್ಣನ ಮೇಲಿನ ಹಾಡಿಗೆ ಎರಡು ಸಲ ಒನ್ಸ್‌ಮೋರ್ ಬಂತು. ನೋಟಿನ ಹಾರವೂ ಬಿತ್ತು, ಬಾಡೂಟದ ಖರ್ಚಿನಲ್ಲಿ ಅರ್ಧ ವಾಪಸ್ ಅನ್ನಿ.

ಮಂಡ್ಯದ ಕಲಾಮಂದಿರದಲ್ಲಿ ಮಾಡುವ ಮುಂದಿನ ನಾಟಕಕ್ಕೆ ಮೇಷ್ಟ್ರು ನನ್ನಿಂದ ಅರ್ಧ ದುಡ್ಡು ಸಾಕು ಅಂದಿದ್ದಾರೆ, ಒಂದೇ ಷರತ್ತು: ಉಳಿದವರ ಪಾತ್ರವನ್ನೂ ನಾನು ನೋಡಿಕೊಡಬೇಕು. ಕರ್ಣನ ಪಾತ್ರದವರು ಆಗಲೇ ಫೋನ್ ಮಾಡಿದ್ದರು. ಕರ್ಣ ಐಎಸ್‌ಎಫ್‌ಜೆ ಅಂತ ನನ್ನ ಗುಮಾನಿ, ಅವರಿಗೆ ಐಎನ್‌ಎಫ್‌ಪಿಯೇ ಬೇಕಂತೆ. ಒಂದು ಪಾತ್ರಕ್ಕೆ ಒಂದೂವರೆ ಸಾವಿರ ಅಂತ ಹೇಳಿದ್ದೇನೆ, ಟೈಪ್ ಯಾವುದು ಬಂದರೂ ರೇಟ್ ಅದೇ.